ಹಳೆಯ ಪಿಕಪ್‌ನ ಕ್ಯಾಬಿನ್‌ಗೆ ಶಬ್ದನಿರೋಧಕ ಅಳವಡಿಸುವುದು: ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಒಗ್ಗುವ ಕ್ರಮ

ಸುರತ್ಕಲ್‌ನಿಂದ ಪಡುಬಿದ್ರಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಳೆಯ ಡೀಸೆಲ್ ಪಿಕಪ್ ಓಡಿಸಿ ಅಭ್ಯಾಸವಿರುವವರಿಗೆ, ವೇಗ 60 ಕಿಲೋಮೀಟರ್ ದಾಟಿದ ಮೇಲೆ ಪಕ್ಕದ ಸೀಟಿನವರೊಡನೆ ಮಾತನಾಡುವುದೆಂದರೆ ಕೂಗಾಡುವುದೇ ಎಂಬುದು ಗೊತ್ತಿರುತ್ತದೆ. ಅದರ ಜೊತೆಗೆ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯೂ ಸೇರಿದರೆ ಕ್ಯಾಬಿನ್‌ನ ಬರಿಯ ತಗಡಿನ ಮಾಡು ಚೆಂಡೆಯಂತೆ ಬಡಿದುಕೊಂಡು, ಮಾತು ಹಾಗಿರಲಿ, ಎಂಜಿನ್ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂಬುದೂ ಕಿವಿಗೆ ತಿಳಿಯುವುದಿಲ್ಲ. ಬೊಲೆರೊ ಪಿಕಪ್, ಟಾಟಾ 207ರಂತಹ ಗಾಡಿಗಳನ್ನು ಕಟ್ಟಿರುವುದೇ ಸರಕು ಹೊರಲಿಕ್ಕೆ. ಅವುಗಳ ಕ್ಯಾಬಿನ್‌ನಲ್ಲಿ ಶಬ್ದ ತಡೆಯುವ ಪದರಗಳು ಹೆಚ್ಚಿರುವುದಿಲ್ಲ, ಇದ್ದವೂ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಒಣಗಿ ಉದುರಿಹೋಗಿರುತ್ತವೆ.

ನನ್ನದು ಒಂದೇ ಸಾಲು ಸೀಟಿನ ಪಿಕಪ್. ನನ್ನ ಕೈಗೆ ಬರುವ ಮೊದಲು ಅದು ಮಲ್ಪೆ ಬಂದರಿನಿಂದ ಮೀನು ಸಾಗಿಸುತ್ತಿತ್ತು. ಕೊಂಡ ವರ್ಷವೇ ಒಂದು ಕುಶನ್ ಅಂಗಡಿಯಲ್ಲಿ ನೆಲಕ್ಕೆ ಡಾಮರು ಶೀಟು, ಅದರ ಮೇಲೆ ದಪ್ಪ ಫೆಲ್ಟ್, ಅದರ ಮೇಲೆ ರೆಕ್ಸಿನ್ ಹಾಕಿಸಿದೆ. ಎರಡು ತಿಂಗಳು ಸುಖವಾಗಿತ್ತು. ಜುಲೈಯಲ್ಲಿ ಹಸಿ ಗೋಣಿಚೀಲದ ವಾಸನೆ ಹಿಡಿಯಿತು; ಮಳೆಗಾಲ ಮುಗಿದ ಮೇಲೆ ರೆಕ್ಸಿನ್ ಎತ್ತಿದರೆ ಫೆಲ್ಟನ್ನು ಹಿಂಡಿ ನೀರು ತೆಗೆಯುವಂತಿತ್ತು, ಅದರ ಅಡಿಯಲ್ಲಿ ಚಾಲಕನ ಹಿಮ್ಮಡಿ ಊರುವ ಜಾಗದ ತಗಡು ಸ್ಕ್ರೂಡ್ರೈವರ್‌ನ ತುದಿ ತಾಗಿದಷ್ಟಕ್ಕೇ ತೂತಾಯಿತು. ಕೆಲಸ ಮಾಡಿದವರು ಸದ್ದಿನ ಬಗ್ಗೆ ಯೋಚಿಸಿದ್ದರು, ನೀರಿನ ಬಗ್ಗೆ ಯೋಚಿಸಿರಲಿಲ್ಲ. ಮಾಡಿಸಿದ ನಾನೂ ಯೋಚಿಸಿರಲಿಲ್ಲ. ಆದ್ದರಿಂದ ಮುಂದೆ ಹೇಳಿರುವ ಪ್ರತಿಯೊಂದು ಹಂತದಲ್ಲೂ ಎರಡು ಪ್ರಶ್ನೆಗಳು ಒಟ್ಟಿಗೇ ಇವೆ: ಸದ್ದು ಒಳಗೆ ಬರುವುದು ಎಲ್ಲಿಂದ, ಒಳಗೆ ಬಂದ ನೀರು ಹೊರಗೆ ಹೋಗುವುದು ಎಲ್ಲಿಂದ. ನಮ್ಮ ಊರುಗಳಲ್ಲಿ ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದಕ್ಕೆ ಕೈಹಾಕಬಾರದು.

ಶೀಟು ಕೊಳ್ಳುವ ಮೊದಲು

ಯಾವ ಸದ್ದು ಎಲ್ಲಿಂದ ಎಂಬುದನ್ನು ಮೊದಲು ಗುರುತಿಸಬೇಕು. ನಿಂತಲ್ಲೇ ಎಂಜಿನ್‌ನ ವೇಗ ಏರಿಸಿದಾಗ ಬರುವ ಗುಂಯ್‌ಗುಡುವಿಕೆ ಎಂಜಿನ್ನಿನದು ಮತ್ತು ಸೈಲೆನ್ಸರಿನದು. ಖಾಲಿ ಇರುವ ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದಾಗಲೂ ಉಳಿಯುವ ಮೊರೆತ ಟೈರಿನದು ಮತ್ತು ಗಾಳಿಯದು. ಕಿಟಕಿಗಳನ್ನು ಮುಚ್ಚಿ, ಒಂದೇ ರಸ್ತೆಯಲ್ಲಿ 40, 60 ಮತ್ತು 80 ಕಿಲೋಮೀಟರ್ ವೇಗದಲ್ಲಿ ಮೊಬೈಲಿನ ಶಬ್ದಮಾಪಕ ಆ್ಯಪ್ ತೋರಿಸುವ ಅಂಕಿಗಳನ್ನು ಪಕ್ಕದಲ್ಲಿ ಕುಳಿತವರಿಂದ ಬರೆಯಿಸಿಟ್ಟುಕೊಳ್ಳಿ. ಆ ಅಂಕಿಗಳು ಪ್ರಯೋಗಾಲಯದಷ್ಟು ನಿಖರವಲ್ಲ, ಆದರೆ ಕೆಲಸದ ಮೊದಲಿಗೂ ಅನಂತರಕ್ಕೂ ಇರುವ ವ್ಯತ್ಯಾಸ ತಿಳಿಯಲು ಸಾಕು. ಡೆಸಿಬೆಲ್ ಲೆಕ್ಕ ಸಾಮಾನ್ಯ ಲೆಕ್ಕವಲ್ಲ ಎಂಬುದು ನೆನಪಿರಲಿ: 3 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧಕ್ಕಿಳಿದಂತೆ, ಆದರೆ ನಮ್ಮ ಕಿವಿಗೆ ಸದ್ದು ಅರ್ಧವಾಯಿತು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಹಳೆಯ ಪಿಕಪ್ಪನ್ನು ಹೊಸ ಕಾರಿನಂತೆ ಮಾಡಿಬಿಡುತ್ತೇನೆಂದು ಹೊರಟರೆ ನಿರಾಸೆ ಖಂಡಿತ.

ಅಂಟಿಸುವ ಯಾವ ಶೀಟೂ ವಾಸಿ ಮಾಡಲಾರದ ಸದ್ದುಗಳಿವೆ. ಹಿಂದಿನ ಟೇಲ್‌ಗೇಟ್ ಮತ್ತು ಅದರ ಸರಪಳಿ, ಸೀಟಿನಡಿಯ ಜಾಕ್, ಸ್ಟೆಪ್ನಿಯ ಹಿಡಿಕೆ, ಟಾರ್ಪಾಲು ಕಟ್ಟುವ ಕೊಕ್ಕೆ ಇವೆಲ್ಲ ಸಡಿಲವಿದ್ದರೆ ಮೊದಲು ಬಿಗಿ ಮಾಡಿ, ಬಡಿಯುವ ಜಾಗಕ್ಕೆ ರಬ್ಬರ್ ಕೊಡಿ. ಎಂಜಿನ್ ಮೌಂಟ್, ಚಾಸಿಸ್ಸಿಗೂ ಕ್ಯಾಬಿನ್ನಿಗೂ ನಡುವಿನ ರಬ್ಬರ್ ಬುಶ್, ಸೈಲೆನ್ಸರ್ ತೂಗುವ ರಬ್ಬರ್ ಇವು ಗಟ್ಟಿಯಾಗಿದ್ದರೆ ಬದಲಿಸಿ. ಹಳೆಯ ಗಾಡಿಯಲ್ಲಿ ಅರ್ಧ ಗದ್ದಲ ಇಷ್ಟರಲ್ಲೇ ಅಡಗುವುದುಂಟು. ಬಾಗಿಲಿನ ಅಂಚಿನ ರಬ್ಬರ್ ಬೀಡಿಂಗ್‌ಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ: ಸಲೀಸಾಗಿ ಜಾರಿ ಬಂದ ಕಡೆಯಲ್ಲೆಲ್ಲ ಸದ್ದೂ ಮಳೆನೀರೂ ಒಳಗೆ ಬರುತ್ತಿವೆ. ರಾತ್ರಿ ಬಾನೆಟ್ಟಿನ ಒಳಗೆ ಟಾರ್ಚ್ ಉರಿಸಿಟ್ಟು ಪೆಡಲ್‌ಗಳ ಕಡೆಯಿಂದ ನೋಡಿದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ, ಅಂದರೆ ಫೈರ್‌ವಾಲ್‌ನಲ್ಲಿ, ವೈರು ಮತ್ತು ಕೇಬಲ್ ತೂರಿಸಿದ ತೂತುಗಳು ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ. ಅವುಗಳಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಬದಲಿಸುವುದು ಚಿಲ್ಲರೆ ಕೆಲಸವೆಂದು ಬಿಡಬೇಡಿ. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೆ ಉಳಿದ ತೊಂಬತ್ತೊಂಬತ್ತು ಭಾಗಕ್ಕೆ ಏನು ಹಾಕಿದರೂ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ.

ಸಾಮಗ್ರಿ: ಒಂದೊಂದಕ್ಕೆ ಒಂದೊಂದು ಕೆಲಸ

ಅಂಗಡಿಯಲ್ಲಿ ಎಲ್ಲವನ್ನೂ ‘ಡ್ಯಾಂಪಿಂಗ್’ ಎಂದೇ ಕರೆದು ಮಾರುತ್ತಾರೆ, ಆದರೆ ಅಲ್ಲಿರುವುದು ಮೂರು ಬೇರೆ ಬೇರೆ ವಸ್ತುಗಳು, ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಮೊದಲನೆಯದು ಬ್ಯುಟೈಲ್ ಶೀಟು: ಒಂದು ಬದಿಗೆ ಅಂಟುವ ಬ್ಯುಟೈಲ್ ರಬ್ಬರ್, ಮೇಲೆ ಅಲ್ಯುಮಿನಿಯಂ ಹಾಳೆ. ತಗಡು ಕಂಪಿಸಿ ಬಾಗಿದಾಗ, ಬಾಗಲು ಒಪ್ಪದ ಅಲ್ಯುಮಿನಿಯಂ ಹಾಳೆಗೂ ತಗಡಿಗೂ ನಡುವೆ ಸಿಕ್ಕಿದ ರಬ್ಬರ್ ಅತ್ತಿತ್ತ ಜಗ್ಗಿ ಆ ಕಂಪನವನ್ನು ಅಲ್ಪ ಶಾಖವಾಗಿ ಬದಲಿಸುತ್ತದೆ. ಹಾಗಾಗಿ ಅಲ್ಯುಮಿನಿಯಂ ತೆಳುವಾದಷ್ಟೂ ಕೆಲಸ ಕಡಿಮೆ. ಉಗುರಿನಿಂದ ಗೀರಿದರೆ ಹರಿಯುವಂಥದ್ದನ್ನು ಕೊಳ್ಳಬೇಡಿ. ಸುಮಾರು 2 ಮಿಲಿಮೀಟರ್ ದಪ್ಪದ್ದು ಪಿಕಪ್ಪಿಗೆ ಸಾಕು. ಇದು ತಗಡಿನ ಗಣಗಣವನ್ನು ಕೊಲ್ಲುತ್ತದೆಯೇ ಹೊರತು ಗಾಳಿಯಲ್ಲಿ ಹಾದು ಬರುವ ಸದ್ದನ್ನು ತಡೆಯುವುದಿಲ್ಲ. ಆ ಕಾರಣಕ್ಕೇ ತಗಡನ್ನು ಪೂರ್ತಿ ಮುಚ್ಚುವ ಅಗತ್ಯವೂ ಇಲ್ಲ. ಚಪ್ಪಟೆ ಭಾಗದ ನಡುವೆ, ಕಾಲುಭಾಗದಿಂದ ಅರ್ಧದವರೆಗೆ ಅಂಟಿಸಿದರೆ ಸಿಗಬೇಕಾದ ಪ್ರಯೋಜನದ ಬಹುಪಾಲು ಸಿಗುತ್ತದೆ.

ಇದೇ ಬೆಳ್ಳಿಬಣ್ಣದಲ್ಲಿ ಬರುವ ಅಗ್ಗದ ಡಾಮರು ಶೀಟುಗಳಿಂದ ದೂರವಿರುವುದು ಒಳ್ಳೆಯದು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯ ಮಾಡು ಮುಟ್ಟಲಾಗದಷ್ಟು ಕಾಯುತ್ತದೆ, ಡಾಮರು ಮೆತ್ತಗಾಗಿ ಜಾರುತ್ತದೆ, ವಾಸನೆ ತಲೆನೋವು ತರಿಸುತ್ತದೆ. ತಾರಸಿ ಸೋರುವುದಕ್ಕೆಂದು ಮಳೆಗಾಲದ ಮುಂಚೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ತೂಗುಹಾಕುವ ಟೇಪುಗಳಲ್ಲಿ ಎರಡೂ ಬಗೆ ಇರುವುದರಿಂದ ಪರೀಕ್ಷಿಸಿಯೇ ಕೊಳ್ಳಬೇಕು. ಒಂದು ತುಂಡನ್ನು ತಗಡಿಗೆ ಅಂಟಿಸಿ, ತಗಡನ್ನು ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ದಿನ ಬಿಸಿಲಿಗಿಡಿ. ಕೆಳಗೆ ಜಾರಿದರೆ, ಹೊಸದಾಗಿ ಡಾಮರು ಹಾಕಿದ ರಸ್ತೆಯ ವಾಸನೆ ಬಂದರೆ, ಅದು ತಾರಸಿಗೇ ಇರಲಿ.

ಎರಡನೆಯದು ಫೋಮ್. ಇಲ್ಲಿ ನಮಗೆ ಬೇಕಾಗಿರುವುದು ಮುಚ್ಚಿದ ಕೋಶಗಳ ಫೋಮ್ ಮಾತ್ರ. ಎಸಿ ಪೈಪುಗಳಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ ಇದೇ ಜಾತಿಯದು, 6 ಅಥವಾ 10 ಮಿಲಿಮೀಟರಿನಲ್ಲಿ ಸುಲಭವಾಗಿ ಸಿಗುತ್ತದೆ. ಒಂದು ತುಂಡನ್ನು ಬಕೆಟ್ಟಿನ ನೀರಿನಲ್ಲಿ ಅದುಮಿ ಬಿಟ್ಟು ನೋಡಿ: ನೀರು ಹೀರದೆ ತೇಲಿ ಬಂದರೆ ಸರಿ, ಸ್ಪಂಜಿನಂತೆ ಕುಡಿದರೆ ಬೇಡ. ಸೆಣಬು, ಫೆಲ್ಟ್, ಹತ್ತಿಯ ಪದರಗಳನ್ನು ಒಣ ಊರಿನವರು ಹಾಕಿಕೊಳ್ಳಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರು, ಉಡುಪಿಗಳಲ್ಲಿ ಅವು ತಗಡಿಗೆ ಸುತ್ತಿದ ಒದ್ದೆಬಟ್ಟೆಗಳೇ. ಸಣ್ಣ ತುಂಡೊಂದನ್ನು ಅಂಗಳದಲ್ಲಿ ಇಕ್ಕಳದಿಂದ ಹಿಡಿದು ಬೆಂಕಿ ತಾಗಿಸಿಯೂ ನೋಡಿ. ಕಿಡಿ ತೆಗೆದ ಮೇಲೂ ಉರಿಯುತ್ತಲೇ ಇರುವ ಫೋಮ್ ಡೀಸೆಲ್ ಗಾಡಿಯ ಒಳಗೆ ಇರತಕ್ಕದ್ದಲ್ಲ.

ಮೂರನೆಯದು ಮಾಸ್ ಲೋಡೆಡ್ ವಿನೈಲ್, ಅಂದರೆ ಭಾರ ತುಂಬಿದ ಮೆತ್ತಗಿನ ವಿನೈಲ್ ಹಾಳೆ. ಚದರ ಮೀಟರಿಗೆ ಸುಮಾರು 5 ಕಿಲೋ ತೂಗುವಂಥದ್ದು ಸಾಮಾನ್ಯ. ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಇದರ ಕೆಲಸ, ಅದನ್ನು ಮಾಡುವುದು ಕೇವಲ ತನ್ನ ತೂಕದಿಂದ. ತಡೆಯ ತೂಕ ಇಮ್ಮಡಿಯಾದಾಗ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ ಎಂಬುದು ನಿಯಮ. ಇದು ಬಿಡುವಿಲ್ಲದೆ ಹಾಸಿರಬೇಕು ಮತ್ತು ತಗಡಿಗೆ ನೇರವಾಗಿ ತಾಗದೆ ಫೋಮಿನ ಮೇಲೆ ಕುಳಿತಿರಬೇಕು.

ಒಂಟಿ ಸಾಲಿನ ಕ್ಯಾಬಿನ್ನಿಗೆ ನೆಲ, ಹಿಂಗೋಡೆ, ಮಾಡು, ಎರಡು ಬಾಗಿಲು ಸೇರಿ ಸುಮಾರು 8 ಚದರ ಮೀಟರ್ ತಗಡು ಸಿಗುತ್ತದೆ. ಅದರ ಅರ್ಧಕ್ಕೆ, ಅಂದರೆ 4 ಚದರ ಮೀಟರಿಗೆ, ಬ್ಯುಟೈಲ್ ಕೊಳ್ಳಿ. ವಿನೈಲ್ ನೆಲಕ್ಕೂ ಹಿಂಗೋಡೆಗೂ ಸಾಕು, ಸುಮಾರು ಮೂರೂವರೆ ಚದರ ಮೀಟರ್. ಒಟ್ಟು ಹೆಚ್ಚುವರಿ ತೂಕ 30 ಕಿಲೋ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಣ ಸಾಲದಿದ್ದರೆ ಹಿಂಗೋಡೆ ಮತ್ತು ನೆಲ ಮೊದಲು, ಬಾಗಿಲು ಕೊನೆಗೆ.

ಕೆಲಸಕ್ಕೆ ತಕ್ಕ ತಿಂಗಳು

ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಒಣಹವೆಯೇ ಸರಿಯಾದ ಕಾಲ. ಪತ್ತನಾಜೆಯ ವೇಳೆಗೆ, ಅಂದರೆ ಮೇ ಕೊನೆಯ ವಾರದೊಳಗೆ, ಗಾಡಿ ಒಂದೆರಡು ಬೇಸಿಗೆ ಮಳೆಯನ್ನಾದರೂ ಕಂಡಿರಬೇಕು. ಸೋರುವ ಜಾಗ ತಿಳಿಸಿಕೊಡಲು ಆ ಮಳೆಗಳೇ ಉಪಕಾರಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯ ಅನಂತರ ಕೆಲಸ ಆರಂಭಿಸಿ. ಅಂದಹಾಗೆ, ಬ್ಯುಟೈಲನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿಯೇ ಅಂಟಿಸಬೇಕೆಂದು ಹೇಳುವುದು ಚಳಿದೇಶದವರು. ನಮ್ಮಲ್ಲಿ ತದ್ವಿರುದ್ಧ ತೊಂದರೆ: ಬಿಸಿಲಲ್ಲಿಟ್ಟ ಶೀಟು ಕಾಗದ ಸುಲಿದ ಕೂಡಲೇ ಕೈಗೆ, ಅಂಗಿಗೆ, ಇನ್ನೊಂದು ಶೀಟಿಗೆ ಅಂಟಿಕೊಳ್ಳುತ್ತದೆ. ನೆರಳಿನಲ್ಲಿಡಿ, ಒಂದೊಂದಾಗಿ ಹೊರತೆಗೆಯಿರಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ಸೀಟಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಗ್ಗೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸೀಟು, ಸೀಟ್‌ಬೆಲ್ಟಿನ ಕೆಳತುದಿ, ಮ್ಯಾಟ್, ಬಾಗಿಲಿನ ಪ್ಯಾಡ್, ಗೇರ್ ಲಿವರಿನ ರಬ್ಬರ್ ಚೀಲ, ಕೊನೆಗೆ ಮಾಡಿನ ಒಳಹೊದಿಕೆ ಈ ಕ್ರಮದಲ್ಲಿ ತೆಗೆಯಿರಿ. ಪ್ರತಿ ಹಂತಕ್ಕೂ ಫೋಟೊ, ಪ್ರತಿ ಬೋಲ್ಟಿಗೂ ಹೆಸರು ಬರೆದ ಪೊಟ್ಟಣ. ಸೀಟು ಮತ್ತು ಬೆಲ್ಟಿನ ಬೋಲ್ಟುಗಳ ಎಳೆಯನ್ನು (ಥ್ರೆಡ್) ತುಕ್ಕು ತಿಂದಿದ್ದರೆ ಅದೇ ಅಳತೆಯ, ಅದೇ ದರ್ಜೆಯ ಹೊಸದನ್ನೇ ತರಬೇಕು. ಗುಜರಿಯಿಂದ ಆರಿಸಿದ್ದು ಈ ಜಾಗಕ್ಕೆ ಸಲ್ಲದು.

ತುಕ್ಕು ಮತ್ತು ಸೋರಿಕೆ: ಕೆಲಸದ ದೊಡ್ಡ ಪಾಲು

ಅವಸರ ಮಾಡುವವರೆಲ್ಲ ಎಡವುವುದು ಇಲ್ಲಿಯೇ. ಮೀನಿನ ಗಾಡಿಯಾಗಿದ್ದರೆ ಅಥವಾ ಸಮುದ್ರದಿಂದ ಒಂದೆರಡು ಕಿಲೋಮೀಟರಿನೊಳಗೆ ವರ್ಷಗಟ್ಟಲೆ ನಿಂತ ಗಾಡಿಯಾಗಿದ್ದರೆ, ತಗಡಿನ ಮಡಿಕೆಗಳಲ್ಲಿ ಉಪ್ಪು ಕುಳಿತಿರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಮಳೆಯಿಲ್ಲದ ದಿನವೂ ತಗಡನ್ನು ಒದ್ದೆಯಾಗಿಡುತ್ತದೆ. ಅದರ ಮೇಲೆ ಪ್ರೈಮರ್ ಬಳಿದರೂ ಶೀಟು ಅಂಟಿಸಿದರೂ ತುಕ್ಕು ಒಳಗೊಳಗೇ ಮುಂದುವರಿಯುತ್ತದೆ. ಆದ್ದರಿಂದ ನೆಲವನ್ನು ಸಿಹಿನೀರಿನಿಂದ, ಸ್ವಲ್ಪ ಶಾಂಪೂ ಹಾಕಿ, ಎರಡು ಮೂರು ಸಲ ಉಜ್ಜಿ ತೊಳೆದು, ಅಡಿಯ ರಬ್ಬರ್ ಬಿರಡೆಗಳನ್ನು ತೆಗೆದು ನೀರು ಬಸಿಯಬಿಟ್ಟು, ಬಾಗಿಲು ತೆರೆದು ಎರಡು ದಿನ ಒಣಗಿಸಬೇಕು.

ಅನಂತರ ಸಣ್ಣ ಸುತ್ತಿಗೆಯಿಂದ ನೆಲವನ್ನೆಲ್ಲ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಹಾಳಾದದ್ದು ಮಂಕಾದ ಸದ್ದು ಕೊಡುತ್ತದೆ ಅಥವಾ ತೂತೇ ಆಗುತ್ತದೆ. ತೂತಾಗುವುದಿದ್ದರೆ ಈಗಲೇ ಆಗಲಿ. ಅಂತಹ ಜಾಗಗಳನ್ನು ಕತ್ತರಿಸಿ ಹೊಸ ತಗಡಿನ ಪ್ಯಾಚ್ ಬೆಸೆಯಿಸಲು ಟಿಂಕರಿಂಗ್ ಗೊತ್ತಿರುವವರ ಬಳಿಗೆ ಒಯ್ಯಿರಿ. ಪುಟ್ಟಿ ಮೆತ್ತಿ ಅದರ ಮೇಲೆ ಬ್ಯುಟೈಲ್ ಅಂಟಿಸುವುದು ಕಣ್ಣಿಗೆ ಮಣ್ಣೆರಚಿದಂತೆ. ಬೆಸುಗೆಯ ಕೆಲಸವೆಲ್ಲ ಈ ಹಂತದಲ್ಲೇ ಮುಗಿಯಬೇಕು, ಏಕೆಂದರೆ ಫೋಮ್ ಮತ್ತು ಬ್ಯುಟೈಲ್ ಹಾಕಿದ ಮೇಲೆ ಅದೇ ತಗಡಿನ ಅಡಿಯಿಂದ ವೆಲ್ಡಿಂಗ್ ಮಾಡಿದರೆ ಒಳಗೆ ಬೆಂಕಿ ಹಿಡಿಯುತ್ತದೆ. ಮುಂದೆ ಯಾವ ಗ್ಯಾರೇಜಿಗೆ ಗಾಡಿ ಕೊಟ್ಟರೂ ಈ ಮಾತನ್ನು ಮೊದಲೇ ಹೇಳಬೇಕು.

ಉಳಿದ ತುಕ್ಕನ್ನು ತಂತಿಬ್ರಷ್ಷಿನಿಂದ ಪುಡಿ ಏಳುವುದು ನಿಲ್ಲುವವರೆಗೆ ಉಜ್ಜಿ, ತುಕ್ಕು ಪರಿವರ್ತಕ ದ್ರಾವಣ ಬಳಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಟ್ಟರೆ ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ. ಅದನ್ನೇ ಬಳಸುವುದಾದರೆ ಮೇಲೆ ಎರಡು ಕೈ ಎನಾಮಲ್ ಬೇಕೇ ಬೇಕು. ತಗಡುಗಳು ಕೂಡುವ ಸಂದುಗಳಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಎಳೆಯಿರಿ. ಬಣ್ಣ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ದಿನ ಕಾಯಿರಿ. ಹಸಿ ಬಣ್ಣದ ಮೇಲೆ ಬ್ಯುಟೈಲ್ ಅಂಟಿಸಿದರೆ ಬಣ್ಣದ ಸಮೇತ ಕಿತ್ತು ಬರುತ್ತದೆ.

ಕಾಯುವ ದಿನಗಳು ಸೋರಿಕೆ ಹುಡುಕಲು ಅನುಕೂಲ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತಿರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಆರಂಭಿಸಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಹತ್ತು ನಿಮಿಷ. ಮೇಲಿನಿಂದ ಆರಂಭಿಸಿದರೆ ಎಲ್ಲ ಕಡೆಯೂ ಒದ್ದೆಯಾಗಿ ಮೂಲ ತಿಳಿಯುವುದಿಲ್ಲ. ಹಳೆಯ ಗಾಡಿಗಳಲ್ಲಿ ಮುಂಗಾಜಿನ ರಬ್ಬರಿನ ಕೆಳಮೂಲೆಗಳು, ವೈಪರಿನ ಕೆಳಗಿನ ದೋಣಿಯಂತಹ ಜಾಗ, ಬಾಗಿಲ ಪ್ಯಾಡಿನ ಹಿಂದಿನ ಹರಿದ ಪ್ಲಾಸ್ಟಿಕ್ ಇವೇ ಸಾಮಾನ್ಯ ಅಪರಾಧಿಗಳು. ಮಾವಿನ ಮರದಡಿ ನಿಲ್ಲಿಸುವ ಗಾಡಿಯಾದರೆ ವೈಪರಿನ ಕೆಳಗೆ ಎಲೆ ಕೊಳೆತು ನೀರು ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಕೈಹಾಕಿ ತೆಗೆದರೆ ಗೊಬ್ಬರವೇ ಸಿಗುತ್ತದೆ.

ಬ್ಯುಟೈಲ್ ಅಂಟಿಸುವುದು

ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಥಿನ್ನರ್ ಹೊಸ ಬಣ್ಣವನ್ನು ಕರಗಿಸಬಹುದು. ಅಲ್ಯುಮಿನಿಯಂ ಅಂಚು ಬ್ಲೇಡಿನಂತಿರುವುದರಿಂದ ಕೈಗವಸು ಬೇಕು. ದೊಡ್ಡ ಹಾಳೆಯನ್ನು ಒಮ್ಮೆಲೇ ಹಾಸುವ ಬದಲು ಪುಸ್ತಕದ ಅಳತೆಯ ತುಂಡುಗಳಾಗಿ ಕತ್ತರಿಸಿ, ಒಂದು ಅಂಚಿನಿಂದ ಅಂಟಿಸುತ್ತಾ ಬಂದು, ಕಬ್ಬಿಣದ ಅಥವಾ ಗಟ್ಟಿ ರಬ್ಬರಿನ ರೋಲರಿನಿಂದ ಮೇಲಿನ ಉಬ್ಬುಚಿತ್ತಾರ ಮಾಸುವವರೆಗೆ ಒತ್ತಿ ಉರುಳಿಸಿ. ಗಾಳಿಗುಳ್ಳೆ ಉಳಿದರೆ ಬ್ಲೇಡಿನಿಂದ ಚುಚ್ಚಿ ಒತ್ತಿ. ಚೆನ್ನಾಗಿ ಉರುಳಿಸಿದ ಶೀಟು ತಗಡಿಗೆ ರಕ್ಷೆ. ಅಂಚು ಎದ್ದ ಶೀಟು ನೀರು ನಿಲ್ಲುವ ಜೇಬು. ಎಷ್ಟು ಹಾಕಿದೆವು ಎಂಬುದಕ್ಕಿಂತ ಹಾಕಿದ್ದು ಎಷ್ಟು ಕೂತಿದೆ ಎಂಬುದೇ ಇಲ್ಲಿ ಮುಖ್ಯ.

ಹಿಂಗೋಡೆಯಿಂದ ಆರಂಭಿಸಿ. ಪಿಕಪ್ಪಿನಲ್ಲಿ ಸೀಟಿನ ಹಿಂದಿರುವ ಆ ಅಗಲವಾದ ಚಪ್ಪಟೆ ತಗಡು ಡೋಲಿನ ಚರ್ಮದಂತೆ ಗುಂಯ್ ಎನ್ನುವುದರಿಂದ, ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದು ಇಲ್ಲಿ. ಬೆರಳ ಗೆಣ್ಣಿನಿಂದ ತಟ್ಟಿ. ಡಬ್ಬದ ಸದ್ದು ಹೋಗಿ ಮರದ ಹಲಗೆಯ ಸದ್ದು ಬರುವವರೆಗೆ ತುಂಡುಗಳನ್ನು ಸೇರಿಸುತ್ತಾ ಹೋಗಿ. ಗಾಳಿ ಹೊರಹೋಗುವ ಕಿಂಡಿಗಳಿದ್ದರೆ ಅವನ್ನು ಮುಚ್ಚಬೇಡಿ.

ನೆಲದಲ್ಲಿ ಎರಡು ಎಚ್ಚರಿಕೆಗಳಿವೆ. ಸೀಟಿನ ಕಾಲು ಮತ್ತು ಬೆಲ್ಟಿನ ಬುಡ ಕೂರುವ ಜಾಗದಲ್ಲಿ ಲೋಹಕ್ಕೆ ಲೋಹವೇ ತಾಗಬೇಕು. ನಡುವೆ ಮೆತ್ತಗಿನ ಶೀಟು ಸಿಕ್ಕಿದರೆ ಬೋಲ್ಟ್ ಕಾಲಕ್ರಮೇಣ ಸಡಿಲಗೊಳ್ಳುತ್ತದೆ. ಎರಡನೆಯದಾಗಿ, ಬಾಗಿಲ ಬುಡದ ಉದ್ದಕ್ಕೂ ನೆಲದ ಅತಿ ತಗ್ಗಿನ ರೇಖೆಯಲ್ಲಿ ಎರಡು ಬೆರಳಗಲ ಖಾಲಿ ಬಿಟ್ಟು, ಅದು ರಬ್ಬರ್ ಬಿರಡೆಗಳವರೆಗೆ ತಡೆಯಿಲ್ಲದ ಚರಂಡಿಯಾಗಿ ಉಳಿಯುವಂತೆ ನೋಡಿಕೊಳ್ಳಿ. ಬಿರಡೆಗಳ ಸುತ್ತಲೂ ಬೆರಳಗಲ ಬಿಡಿ. ಒದ್ದೆ ಚಪ್ಪಲಿಯ ನೀರು, ಕೊಡೆಯ ನೀರು ಹೇಗೂ ಒಳಗೆ ಬಂದೇ ಬರುತ್ತದೆ. ಫೈರ್‌ವಾಲ್‌ಗೆ ಒಳಬದಿಯಿಂದ ಮಾತ್ರ ಅಂಟಿಸಿ, ಎಂಜಿನ್ ಬದಿಯಿಂದ ಬೇಡ. ಸೈಲೆನ್ಸರ್ ಹಾದುಹೋಗುವ ಜಾಗದ ಮೇಲಿನ ತಗಡಿಗೆ, ತಯಾರಕರು ಹೇಳಿರುವ ತಾಪಮಾನದ ಮಿತಿ ನೋಡಿಯೇ ಹಾಕಿ.

ಮಾಡಿಗೆ ಅರ್ಧದಷ್ಟು ಬ್ಯುಟೈಲ್, ಅದರ ಮೇಲೆ ಪೂರ್ತಿಯಾಗಿ ಫೋಮ್. ವಿನೈಲ್ ಬೇಡ, ಅಷ್ಟು ತೂಕ ತಲೆಯ ಮೇಲೆ ತೂಗುವುದು ಸರಿಯಲ್ಲ. ಮಳೆಯ ಬಡಿತ ಇದರಿಂದ ಗಣನೀಯವಾಗಿ ಇಳಿಯುತ್ತದೆ, ಬೇಸಿಗೆಯ ಶಾಖವೂ ತಗ್ಗುತ್ತದೆ. ಫೋಮಿಗೆ ಶಾಖ ತಡೆಯುವ ದರ್ಜೆಯ ಅಂಟು ಬಳಸಿ, ಬಾಗಿಲುಗಳನ್ನು ತೆರೆದಿಟ್ಟೇ ಬಳಿಯಿರಿ.

ಬಾಗಿಲಿನ ಒಳಗೆ ಮಳೆನೀರು ಗಾಜಿನ ಜೊತೆ ಇಳಿದು ತಳದ ತೂತುಗಳಿಂದ ಹೊರಗೆ ಹೋಗುವುದು ದೋಷವಲ್ಲ, ಬಾಗಿಲನ್ನು ಕಟ್ಟಿರುವುದೇ ಹಾಗೆ. ಹೊರತಗಡಿನ ಒಳಮೈಗೆ ಎರಡು ಮೂರು ತುಂಡು ಅಂಟಿಸಿ, ಗಾಜು ಪೂರ್ತಿ ಇಳಿದಾಗ ತಾಗದಂತೆ ನೋಡಿ, ತಳದ ನಾಲ್ಕು ಬೆರಳಿನಷ್ಟು ಭಾಗವನ್ನು ಬರಿದಾಗಿ ಬಿಡಿ. ತಳದ ತೂತುಗಳನ್ನು ತಂತಿಯಿಂದ ಬಿಡಿಸಿ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹೊಸದಾಗಿ ಕತ್ತರಿಸಿ ಬ್ಯುಟೈಲ್ ಹಗ್ಗದಿಂದ ಸುತ್ತಲೂ ಅಂಟಿಸಿ, ಅದರ ಕೆಳಅಂಚು ನೀರನ್ನು ಬಾಗಿಲ ಒಳಕ್ಕೇ ತಿರುಗಿಸುವಂತಿರಲಿ.

ಫೋಮ್, ವಿನೈಲ್, ಮರುಜೋಡಣೆ

ನೆಲಕ್ಕೆ ಹಾಸುವ ಫೋಮನ್ನೂ ವಿನೈಲನ್ನೂ ಅಂಟಿಸಬೇಡಿ. ಹಳೆಯ ಮ್ಯಾಟನ್ನು ಮಾದರಿಯಾಗಿಟ್ಟು ಕತ್ತರಿಸಿ, ಎಡಕ್ಕೊಂದು ಬಲಕ್ಕೊಂದು ತುಂಡಾಗಿ ಬಿಡಿಯಾಗಿ ಹಾಸಿ, ನಡುವಿನ ಸಂದಿಯಲ್ಲಿ ಒಂದು ಗೇಣು ಮೇಲುಹಾಸು ಬರಲಿ. ಬಿಡುವಿಲ್ಲದೆ ಹಾಸುವುದು ಸದ್ದಿಗಾಗಿ, ಅಂಟಿಸದೆ ಇರುವುದು ನಮ್ಮ ಮಳೆಗಾಲಕ್ಕಾಗಿ, ಬೇಕೆಂದಾಗ ಎತ್ತಿ ಒಣಗಿಸಬಹುದು. ಹಿಂಗೋಡೆಯಲ್ಲಿ ಮಾತ್ರ ಮೇಲಂಚಿಗೆ ಕ್ಲಿಪ್ಪುಗಳಿಂದ ತೂಗುಹಾಕಿ. ಸೀಟು ಕೂರಿಸುವ ಮೊದಲು ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಕೊನೆಯವರೆಗೆ ಒತ್ತಿ ಬಿಡಿ. ಹೊಸ ದಪ್ಪದಿಂದ ಯಾವ ಪೆಡಲಿಗಾದರೂ ಕೂದಲೆಳೆಯಷ್ಟು ಅಡ್ಡಿಯಾದರೂ ಅಲ್ಲಿನ ಪದರವನ್ನು ಕತ್ತರಿಸಿ ತೆಗೆಯಬೇಕು. ಸೀಟು ಮತ್ತು ಬೆಲ್ಟಿನ ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿದು, ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ಮೊದಲಿನ ರಸ್ತೆಯಲ್ಲೇ, ಅದೇ ವೇಗಗಳಲ್ಲಿ ಅಂಕಿಗಳನ್ನು ಮತ್ತೆ ಬರೆಯಿಸಿಕೊಳ್ಳಿ. ಗುಂಯ್‌ಗುಡುವಿಕೆ ಇಳಿದ ಮೇಲೆ ಅದುವರೆಗೆ ಕೇಳಿಸದಿದ್ದ ಕಿರಿಕಿರಿಗಳು, ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ, ಕನ್ನಡಿಯ ಒಂದು ಕೀಲು, ತಲೆಯೆತ್ತುತ್ತವೆ. ಅವನ್ನು ಒಂದೊಂದಾಗಿ ಹಿಡಿಯಲು ಇನ್ನೊಂದು ಭಾನುವಾರ ಬೇಕಾಗುತ್ತದೆ.

ಜೂನಿನ ಮೊದಲ ದೊಡ್ಡ ಮಳೆಯ ಮರುದಿನ ಮ್ಯಾಟ್, ವಿನೈಲ್, ಫೋಮ್ ಮೂರನ್ನೂ ಎತ್ತಿ, ಬಿಟ್ಟ ಚರಂಡಿಯಲ್ಲಿ ಅಂಗೈ ಆಡಿಸಿ ನೋಡಿ. ಒಣಗಿದ್ದರೆ ಮುಚ್ಚಿಡಿ. ತೇವವಿದ್ದರೆ ಬಿರಡೆ ತೆಗೆದು ಬಸಿಯಬಿಟ್ಟು, ನೀರಿನ ಪೈಪನ್ನು ಮತ್ತೆ ಕೈಗೆತ್ತಿಕೊಳ್ಳಿ.